ಹಾಲು, ಕಾಲು, ಸಾಲು

ಅಪ್ಪ ದರ್ಜಿ. ಬಟ್ಟೆಗಿಂತ ಹೆಚ್ಚಾಗಿ ಮಾತನ್ನೇ ಕತ್ತರಿಸಿ ಹೊಲಿದವರು. ಅಂಗಿಯ ಗುಂಡಿ ಹೋಗಿದೆ ಎಂದು ಯಾರಾದರೂ ಬಂದರೆ, "ಗುಂಡಿಗೆ ಬಿದ್ದವರನ್ನ ನೋಡಿದ್ದೆ, ಗುಂಡಿ ಬೀಳಿಸ್ಕೊಂಡು ಬಂದವರು ನೀವೇ" ಎನ್ನುತ್ತಿದ್ದರು. ಮಗುವಿನ ಲಂಗಕ್ಕೆ ಟೇಪು ಹಿಡಿದರೆ, "ಅಳತೆ ತಪ್ಪಿದ್ರೆ ಅಳುತ್ತೆ" ಎನ್ನುತ್ತಿದ್ದರು. ನಗದವರಿಗೆ ಇನ್ನೊಂದು ಸಲ ಹೇಳುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಾಗಾಗಿ ಗೋಡೆಯಾಚೆ ಅಮ್ಮನಿಗೂ ದಿನವಿಡೀ ಇದೇ ಕೇಳುತ್ತಿತ್ತು. ಅವಳು ನಕ್ಕದ್ದನ್ನು ಕಂಡ ನೆನಪು ಮಗಳಿಗಿಲ್ಲ.

ಅಪ್ಪನ ಅಕ್ಕನ ಗಂಡ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಾಗ ಎಲ್ಲರೂ ನೋಡಲು ಹೋಗಿದ್ದರು. ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ ಅಪ್ಪ, "ಯೋಚನೆ ಬಿಡಿ ಭಾವ, ಕಾಲ ಕಳೆದ ಹಾಗೆ ಕಾಲು ಕೂಡುತ್ತೆ" ಎಂದರು. ಭಾವ ನಗಲಿಲ್ಲ, ನಕ್ಕರೆ ಕಾಲು ನೋಯುತ್ತಿತ್ತು. ಅವರ ಹೆಂಡತಿ ಅಳತೊಡಗಿದರು. ಅಮ್ಮ ಎಲ್ಲರೆದುರಿಗೇ, "ನಿಮ್ಮ ಬಾಯಿಗೊಂದು ಜಿಪ್ ಹೊಲ್ಕೊಳ್ಳಿ" ಎಂದಳು.

ಅಪ್ಪ ಹೊಲಿದುಕೊಂಡರು.

ಮೊದಮೊದಲು ಮನೆಗೆ ಸುಖವೆನಿಸಿತು. ಆಮೇಲೆ ಊಟದ ತಟ್ಟೆಗಳ ಸದ್ದು ಕೇಳಿಸತೊಡಗಿತು. ಗಿರಾಕಿಗಳ ಜೊತೆಗೂ ಅಪ್ಪನದು ಒಂದೇ ಮಾತು: "ಅಳತೆಗೆ ಹಳೆ ಅಂಗಿ ತಂದ್ಕೊಡಿ." ಹಳೆ ಅಂಗಿ ಬಂದರೆ ಹೊಸದಕ್ಕೆ ಮಾತಿನ ಅಗತ್ಯವಿರಲಿಲ್ಲ.

ಮಗಳು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ಮದುವೆಯಾಗಿ ಎರಡು ಬೀದಿ ಆಚೆ ಇದ್ದಳು. ಒಂದು ಸಂಜೆ ಅವಳು ಬಂದಾಗ ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು ಹೇಳಿದಳು:

"ನಿಮ್ಮಪ್ಪನ ಬಾಯಿ ಕಟ್ಟಿದವಳು ನಾನೇ ಕಣೇ. ಮೂರು ಸಲ ತಪ್ಪಾಯ್ತು ಅಂದೆ. ಕಲ್ಲಿನ ಹಾಗೆ ಕೂತಿದ್ರು."

"ಏನೂ ಹೇಳ್ಲಿಲ್ವಾ?"

"ಮಷಿನ್ ನಿಲ್ಸಿದ್ರು. ದಾರ ಕತ್ತರಿಸಿದ್ರು. ಮತ್ತೆ ಶುರು ಮಾಡಿದ್ರು. ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಹಟ ನೋಡಿರ್ಲಿಲ್ಲ."

"ನೀನು ಎಲ್ಲಿ ನಿಂತಿದ್ದೆ?"

"ಅವರ ಬೆನ್ನ ಹಿಂದೆ. ಮುಖ ನೋಡ್ಕೊಂಡು ತಪ್ಪಾಯ್ತು ಅನ್ನೋಕೆ ನಾನೇನು ಹೊಸ ಮದುವಣಗಿತ್ತಿಯಾ?"

ಮಗಳ ಕಿವಿ ನೆಟ್ಟಗಾಯಿತು.

ಮರುದಿನ ಆಸ್ಪತ್ರೆಯ ಕೋಣೆಗೆ ಪರದೆ ಹೊಲಿಯಬೇಕಿದೆ ಎಂದು ಅಪ್ಪನನ್ನು ಕರೆಸಿದಳು. ಅಪ್ಪ ಟೇಪು ಕೊರಳಿಗೆ ಹಾಕಿಕೊಂಡು ಬಂದರು. ಕೋಣೆಯ ಗೋಡೆಗೆಲ್ಲ ಮೆತ್ತೆ, ಬಾಗಿಲು ಕೈಯಷ್ಟು ದಪ್ಪ, ಕಿಟಕಿ ಎಂಬುದೇ ಇಲ್ಲ. ಸುತ್ತ ಒಮ್ಮೆ ನೋಡಿ ಅಪ್ಪ ಕುರ್ಚಿಯಲ್ಲಿ ಕೂತರು.

"ಅಳತೆಗೆ ಅಂತ ಕರೆದು ನನ್ನ ಅಳತೆನೇ ತಗೊಳ್ತಿದ್ದೀಯ."

"ಕೂತಿದ್ದೀರಲ್ಲ, ಆಗ್ಹೋಗ್ಲಿ ಅಪ್ಪ."

ಅವಳು ರಟ್ಟೊಂದನ್ನು ಬಾಯಿಗೆ ಅಡ್ಡ ಹಿಡಿದು, ತಾನು ಹೇಳಿದ್ದನ್ನು ಹಾಗೇ ಹೇಳಬೇಕೆಂದಳು. ಅದು ಅವರಿಗೆ ತಿಳಿಯಲು ರಟ್ಟನ್ನು ಒಮ್ಮೆ ಕೆಳಗಿಳಿಸಬೇಕಾಯಿತು.

"ಹಾಲು."

"ಹಾಲು."

"ಕಾಲು."

"ಹಾಲು."

"ಸಾಲು."

ಅಪ್ಪ ರಟ್ಟನ್ನೇ ನೋಡಿದರು. "ಹಾಲು."

"ಎಲ್ಲಾ ಹಾಲೇನಾ ಅಪ್ಪ?" ರಟ್ಟು ಕೆಳಗಿತ್ತು, ತುಟಿ ಕಾಣುತ್ತಿತ್ತು.

"ನನಗೇನು ಗೊತ್ತು. ಕರೀತಿರೋಳು ನೀನು."

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೆಳುವಾದ ಸದ್ದುಗಳನ್ನು. 'ಆ', 'ಊ' ಗಟ್ಟಿ ಜೀವಗಳು, ಉಳಿದುಕೊಳ್ಳುತ್ತವೆ. 'ಸ', 'ಕ', 'ತ' ಸೋರಿಹೋಗುತ್ತವೆ. ಇದನ್ನು ಅವಳು ಎಷ್ಟೋ ಜನರ ಮಕ್ಕಳಿಗೆ ವಿವರಿಸಿದ್ದಳು. ಆದರೆ ಅಪ್ಪನ ಕಸುಬಿಗೆ ಇದರಿಂದ ಏನಾಗುತ್ತದೆಂದು ಯೋಚಿಸಿರಲಿಲ್ಲ. ಅವರ ಆಟವೆಲ್ಲ ಎರಡು ಪದಗಳ ನಡುವಿನ ಕೂದಲೆಳೆಯ ವ್ಯತ್ಯಾಸದಲ್ಲಿತ್ತು. ಪದಗಳೆಲ್ಲ ಒಂದೇ ಆಗಿಬಿಟ್ಟರೆ ಯಾವುದನ್ನು ಯಾವುದಕ್ಕೆ ಹೊಲಿಯುವುದು?

"ಯಾವಾಗಿಂದ ಹೀಗೆ?"

"ಭಾವನ ಕಾಲಿಗಿಂತ ಮೊದಲೇ. ಮಾತಿಗೆ ಮಾತು ಜೋಡ್ಸೋಕೆ ಮೊದಲು ಎದುರಿನವರ ಮಾತು ಸಿಗಬೇಕಲ್ಲ? ನಿಮ್ಮಮ್ಮ ಬೈದದ್ದು ಅನುಕೂಲವೇ ಆಯ್ತು. ಕಿವುಡ ಅನ್ನಿಸ್ಕೊಳ್ಳೋದಕ್ಕಿಂತ ಮುನಿಸ್ಕೊಂಡಿದಾನೆ ಅನ್ನಿಸ್ಕೊಳ್ಳೋದು ವಾಸಿ. ಅದು ಹಾಗೇ ಇರ್ಲಿ ಬಿಡು. ಅವಳಿಗೆ ಹೇಳ್ಬೇಡ."

"ಅಮ್ಮ ತಪ್ಪಾಯ್ತು ಅಂತ ಕೇಳ್ಕೊಂಡಿದ್ದಾಳೆ. ಮೂರು ಸಲ."

"ಯಾರ ಹತ್ರ?"

"ನಿಮ್ಮ ಹತ್ರ. ಬೆನ್ನ ಹಿಂದೆ ನಿಂತು."

ಅಪ್ಪ ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತಿದರು. ಬಿಚ್ಚಿದರು. ಮತ್ತೆ ಸುತ್ತಿದರು.

"ಮೂರು ಸಲಾನಾ?"

"ನಿಮ್ಮದು ಕಲ್ಲು ಮನಸ್ಸು ಅಂದ್ಕೊಂಡಿದ್ದಾಳೆ."

"ಕಿವಿಗೆ ಹಾಕೋ ಮಷಿನ್ ಇರುತ್ತಲ್ಲ, ಅದು ಎಷ್ಟು ದಿನಕ್ಕೆ ಬರುತ್ತೆ?" ಎಂದರು ಅಪ್ಪ.

ಮುಂದಿನ ವಾರ ಕಿವಿಯ ಮಷಿನ್ ಬಂತು. ಮಗಳೇ ಮನೆಗೆ ತಂದು ಅಪ್ಪನ ಕಿವಿಗೆ ಕೂರಿಸಿದಳು. ಅಮ್ಮನಿಗೆ ವಿಷಯ ಹೇಳಿದ್ದು ಅಪ್ಪನೇ, ಎರಡೇ ವಾಕ್ಯದಲ್ಲಿ. ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಅಂದ್ರೆ ಬೆನ್ನ ಹಿಂದೆ ನಿಂತು ನಾನಂದದ್ದಷ್ಟೂ ದಂಡ?"

"ಏನಂದಿದ್ದೆ?"

"ಅದನ್ನೆಲ್ಲ ಮತ್ತೆ ಹೇಳ್ತಾ ಕೂರ್ಲಾ? ಹೋಗಿ ಹೋಗಿ, ಅಂಗಡಿಗೆ ಯಾರೋ ಬಂದಿರ್ಬೇಕು."

ಯಾರೂ ಬಂದಿರಲಿಲ್ಲ. ಅಪ್ಪ ಹೋಗಿ ಹೊಲಿಗೆ ಮಷಿನ್ನಿನ ಮುಂದೆ ಗೋಡೆಗೆ ಮುಖ ಮಾಡಿ ಕೂತರು. ಹೊಲಿಯಲು ಏನೂ ಇಟ್ಟುಕೊಂಡಿರಲಿಲ್ಲ. ಬಹಳ ಹೊತ್ತು ಹಾಗೇ ಕೂತಿದ್ದರು. ಕೊನೆಗೆ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೋಗಿ ಅವರ ಬೆನ್ನ ಹಿಂದೆ ನಿಂತಳು. ಏನು ಹೇಳಿದಳೋ ಒಳಗಿದ್ದ ಮಗಳಿಗೆ ಕೇಳಲಿಲ್ಲ; ಅಷ್ಟು ಮೆಲ್ಲಗೆ ಹೇಳಿದ್ದಳು.

ಅಪ್ಪನ ಉತ್ತರ ಮಾತ್ರ ಕೇಳಿಸಿತು.

"ತಪ್ಪು ನಿಂದಲ್ಲ ಕಣೇ, ಬೆಪ್ಪು ನಂದು."

ಅಮ್ಮ ಒಳಗೆ ಬಂದು ಸೌಟು ತೆಗೆದುಕೊಂಡಳು. ಮುಖ ಎಂದಿನಂತೆಯೇ ಇತ್ತು, ಕಣ್ಣು ಮಾತ್ರ ಒಂದಿಷ್ಟು ಕೆಂಪಗಿತ್ತು.

"ಅದನ್ನ ದಿನಾ ಹಾಕ್ಕೋಬೇಕಾ?"

"ದಿನಾ ಅಮ್ಮ."

ಅಮ್ಮ ಸ್ವಲ್ಪ ಯೋಚಿಸಿದಳು.

"ಊಟದ ಹೊತ್ತಲ್ಲೂ?"