ಮಧ್ಯದ ಗೂಡು

“ಭಾವ, ಬಕೆಟ್ ಅಲ್ಲಾಡಿಸ್ಬೇಡಿ! ಅಂಕಿ ನಿಲ್ತಾನೇ ಇಲ್ಲ.”

“ನಾನೆಲ್ಲಮ್ಮ ಅಲ್ಲಾಡಿಸ್ತಿದೀನಿ? ನಿನ್ನ ಮೀನುಗಳೇ ಒಳಗೆ ಕುಣೀತಿವೆ.”

ತಕ್ಕಡಿಯ ಮುಂದೆ ಮಂಡಿಯೂರಿದ್ದ ತಂಗಿ ಉಸಿರು ಬಿಗಿಹಿಡಿದಳು. ಕೊಳದಲ್ಲಿ ಸಾಲಾಗಿ, ಬಿದಿರು ನೆಟ್ಟು ಕಟ್ಟಿದ ಮೂರು ಬಲೆಗೂಡುಗಳು. ಮೊದಲನೆಯದಕ್ಕೆ ಬರೀ ಮೇವು. ಮಧ್ಯದ್ದಕ್ಕೆ ಮೇವಿನ ಜೊತೆ ಅವಳು ಪ್ರಯೋಗಾಲಯದಲ್ಲಿ ತಯಾರಿಸಿದ ಸತುವಿನ ನ್ಯಾನೊ ಪುಡಿ, ಒಂದೇ ಚಿಟಿಕೆ. ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣಗಳವು. ಮೂರನೆಯದಕ್ಕೆ ಅದರ ದುಪ್ಪಟ್ಟು. ಅರವತ್ತು ದಿನದ ಹಿಂದೆ ಮೂರಕ್ಕೂ ಒಂದೇ ತೂಕದ ಗೆಂಡೆ ಮೀನಿನ ಮರಿಗಳನ್ನು ಬಿಟ್ಟಿದ್ದರು.

ಕೊಳ ಅಕ್ಕನದು. ಹೋದ ವರ್ಷ ಇದೇ ಪುಡಿ ಅಳತೆ ಮೀರಿ ಇನ್ನೂರು ಮೀನು ಹೊಟ್ಟೆ ಮೇಲಾಗಿ ತೇಲಿದ್ದವು. ಒಂದು ತಿಂಗಳು ಅಕ್ಕ ಫೋನೇ ಎತ್ತಿರಲಿಲ್ಲ. ಆಮೇಲೆ ತಾನಾಗಿ ಕರೆದು, “ಇನ್ನೊಂದೇ ಸಲ. ಮತ್ತೆ ಹಾಗಾದ್ರೆ ಈ ಕಡೆ ತಲೆ ಹಾಕ್ಬೇಡ,” ಎಂದಿದ್ದಳು.

ಮೊದಲ ಗೂಡಿನ ಹತ್ತು ಮೀನು ಒಂದೂವರೆ ಕಿಲೋ ತೂಗಿದ್ದವು. ಈಗ ಮೂರನೆಯದರ ಅಂಕಿ ನಿಂತಿತು. ಅದೂ ಒಂದೂವರೆಯೇ.

“ದುಪ್ಪಟ್ಟು ಹಾಕಿದ್ರೂ ಅಷ್ಟೇ,” ತಂಗಿಯ ಸ್ವರ ಇಳಿಯಿತು.

“ಮುಖ ಯಾಕೆ ಸಪ್ಪಗೆ ಮಾಡ್ಕೋತೀಯ? ಮಧ್ಯದ್ದು ಬಾಕಿ ಇದೆಯಲ್ಲ,” ಎನ್ನುತ್ತ ಅಕ್ಕ ಸೊಂಟಮಟ್ಟದ ನೀರಿಗಿಳಿದು ಬಲೆ ಎತ್ತಿದಳು. ಮೀನುಗಳು ಬಿಸಿ ಬಾಣಲೆಗೆ ಬಿದ್ದ ಸಾಸಿವೆಯಂತೆ ಸಿಡಿದವು. ಒಂದು ಮೀನು ಭಾವನ ಎದೆಗೇ ಬಡಿದು ಕೆಳಗೆ ಬಿತ್ತು.

“ಅಬ್ಬಾ, ಏನು ತಿನ್ಸಿದೀಯಮ್ಮ ಇವಕ್ಕೆ!” ಎಂದ ಭಾವ.

ಎಣಿಸಿ ಹತ್ತನ್ನು ಬಕೆಟ್ಟಿಗೆ ಬಿಟ್ಟರು. ಭಾವ ಬಗ್ಗಿ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

“ಒಂದು ಕಿಲೋ ಒಂಬೈನೂರ ಹತ್ತು.”

“ಸುಳ್ಳು!” ತಂಗಿ ಎದ್ದೇಬಿಟ್ಟಳು. “ಬೇರೆ ಹತ್ತು ಹಾಕಿ.”

ಒಂದು ಕಿಲೋ ಎಂಟುನೂರ ತೊಂಬತ್ತು. ಮತ್ತೂ ಹತ್ತು: ಒಂದು ಕಿಲೋ ಒಂಬೈನೂರ ಇಪ್ಪತ್ತು. ಹಿಗ್ಗಿನಿಂದ ಕುಣಿಯಹೋದ ತಂಗಿ ಕೆಸರಿನಲ್ಲಿ ಜಾರಿ ಕುಳಿತುಬಿಟ್ಟಳು. ಏಳುವ ಯೋಚನೆಯನ್ನೇ ಮಾಡದೆ ನಗತೊಡಗಿದಳು.

“ನನಗೆ ಆಗ್ಲೇ ಅನುಮಾನ ಇತ್ತು,” ಎಂದಳು ಅಕ್ಕ. “ಮೇವು ಚೆಲ್ಲಿದ ಕೂಡ್ಲೇ ಇವು ಮುಗಿಬೀಳೋ ರೀತಿನೇ ಬೇರೆ ಇತ್ತು. ಹೇಳಿದ್ರೆ ಸುಮ್ನೆ ಆಸೆ ಇಟ್ಕೊಂಡು ಕೂರ್ತೀಯ ಅಂತ ಬಾಯಿ ಬಿಡ್ಲಿಲ್ಲ.”

“ಎರಡು ತಿಂಗಳು ನನಗೆ ನಿದ್ದೆ ಇಲ್ಲ ಕಣೇ ಅಕ್ಕ!”

“ನನಗೆ ಮಾತ್ರ ನಿದ್ದೆ ಇತ್ತಾ?” ಅಕ್ಕ ಮುಖದ ಮೇಲಿನ ನೀರು ಒರೆಸಿಕೊಂಡಳು. “ಅದಿರ್ಲಿ, ಇಡೀ ಕೊಳಕ್ಕೆ ಹಾಕೋಕೆ ಎಷ್ಟು ಪುಡಿ ಬೇಕು? ನಾಳೆನೇ ಶುರು ಮಾಡೋಣ.”

ತಂಗಿಯ ನಗು ನಿಂತಿತು. ಹೂಂ ಅಂದುಬಿಡಬೇಕೆಂದು ನಾಲಿಗೆ ತುದಿ ತುರಿಸಿತು.

“ಬೇಡ ಅಕ್ಕ, ಈಗ್ಲೇ ಬೇಡ. ಮಾಂಸದಲ್ಲಿ ಸತು ಎಷ್ಟು ಉಳಿದಿದೆ ಅಂತ ನೋಡ್ಬೇಕು. ಇನ್ನೊಂದು ಸಲ ಮಾಡಿದ್ರೂ ತೂಕ ಹೀಗೇ ಬರ್ಬೇಕು. ಗೂಡುಗಳೂ ಜಾಸ್ತಿ ಬೇಕು.”

ಅಕ್ಕ ಅವಳನ್ನೇ ದಿಟ್ಟಿಸಿದಳು. ಭಾವ ಆಚೆ ತಿರುಗಿ, ಖಾಲಿಯಾಗಿದ್ದ ಬಕೆಟ್ಟನ್ನು ಮತ್ತೊಮ್ಮೆ ತೊಳೆದ.

“ಎಷ್ಟು ಗೂಡು?”

“ಒಂಬತ್ತು.”

ಅಕ್ಕ ದಡದಲ್ಲಿ ಒರಗಿಸಿದ್ದ ಬಿದಿರುಗಳಿಂದ ಉದ್ದನೆಯದೊಂದನ್ನು ಎಳೆದುಕೊಂಡು ಮತ್ತೆ ನೀರಿಗಿಳಿದಳು. ಮೂರನೆಯ ಗೂಡಿನಾಚೆ ಕಾಲಿನಿಂದ ತಳ ತಡವಿ, ಗಟ್ಟಿ ಜಾಗ ಸಿಕ್ಕಿದಲ್ಲಿ ನಿಂತು ಎರಡೂ ಕೈಯಿಂದ ಬಿದಿರನ್ನು ಕೆಸರಿಗಿಳಿಸಿದಳು. ಅಲೆ ಅಗಲವಾಗುತ್ತ ಬಂದು ತಂಗಿಯ ಪಾದ ಮುಟ್ಟಿತು.