ಬೊಂಬೆ ಮನೆಯ ಅಕ್ರಾ ಸ್ಟೇಡಿಯಂ

ಸುಳ್ಳು ಹೇಳಬಾರದೆಂದು ಸೀತಾಲಕ್ಷ್ಮಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಆದ್ದರಿಂದ ಅವಳು ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೆ ಒಂದು ಒಗ್ಗರಣೆ ಹಾಕುತ್ತಿದ್ದಳು, ಅಷ್ಟೆ. ಸಪ್ಪೆ ಸಾರನ್ನು ಯಾರು ತಾನೇ ಎರಡನೇ ಸಲ ಬಡಿಸಿಕೊಳ್ಳುತ್ತಾರೆ?

ನಿಜ ಇದ್ದದ್ದು ಇಷ್ಟು. ಅವಳ ಗಂಡ ಬದರಿನಾಥ ಪಶ್ಚಿಮ ಆಫ್ರಿಕಾದ ಘಾನಾ ದೇಶಕ್ಕೆ ಹೋಗಿ, ಅದರ ರಾಜಧಾನಿ ಅಕ್ರಾದಲ್ಲಿ ಎರಡು ವರ್ಷ ಇದ್ದು ಬಂದಿದ್ದ. ಅಲ್ಲಿ ಆಗ ದೊಡ್ಡದೊಂದು ರಾಷ್ಟ್ರೀಯ ಸ್ಟೇಡಿಯಂ ಏಳುತ್ತಿತ್ತು. ಫುಟ್‌ಬಾಲು, ಓಟ, ಬಾಕ್ಸಿಂಗು, ಕವಾಯತು ಎಲ್ಲಕ್ಕೂ ಅದೊಂದೇ. ಅದನ್ನು ಕಟ್ಟುತ್ತಿದ್ದ ಕಂಟ್ರಾಕ್ಟರನ ಹತ್ತಿರ ಬದರಿನಾಥ ಸ್ಟೋರ್ ಕೀಪರ್. ಗೇಟಿನ ಹೊರಗೆ ತಗಡಿನ ಶೆಡ್ಡು, ಶೆಡ್ಡಿನ ತುಂಬ ಸಿಮೆಂಟು, ಮೊಳೆ, ಗುದ್ದಲಿ, ಅವುಗಳ ಮಧ್ಯೆ ಒಂದು ಕುರ್ಚಿ, ಕುರ್ಚಿಯ ಮೇಲೆ ಬದರಿನಾಥ. ಕೇಳಿದವರಿಗೆ ಸಾಮಾನು ಕೊಡುವುದು, ಬೀಗ ಹಾಕುವುದು ಅವನ ಕೆಲಸ. ಸ್ಟೇಡಿಯಂ ಕಟ್ಟಿ ಮುಗಿದು ಆಟ ಶುರುವಾದ ದಿನ ಒಳಗೆ ಹೋಗಿ ನೋಡೋಣವೆಂದು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ನಿಂತಿದ್ದನಂತೆ. ಬಂದರಿಗೆ ಸರಕು ಬಂದಿದೆ, ಹೋಗಿ ಬಿಡಿಸಿಕೊಂಡು ಬಾ ಅಂದರು. ಹೋದ. ಒಳಗೆ ನೋಡುವುದು ಕಡೆಗೂ ಆಗಲಿಲ್ಲ.

ಒಗ್ಗರಣೆ ಬಿದ್ದದ್ದು ಜಯನಗರದ ಮೂರನೇ ಬ್ಲಾಕಿನ ಅವಳ ಮನೆಯ ರಸ್ತೆಯಲ್ಲಿ. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ಸಂಜೆಯಾದರೆ ಯಡಿಯೂರಿನ ದನಗಳು ರಸ್ತೆಯಲ್ಲೇ ಮನೆಗೆ ಹೋಗುತ್ತಿದ್ದವು, ಮಾತನಾಡಿಸಲು ಬೇರೆ ಯಾರೂ ಇರುತ್ತಿರಲಿಲ್ಲ. ಅಂಥ ಕಡೆ ತರಕಾರಿಯವಳು ಬಂದಾಗ ನಾಲ್ಕು ಜನ ಸೇರಿದರೆ ಅದೇ ಜಾತ್ರೆ. ಆ ಜಾತ್ರೆಯಲ್ಲಿ ಸೀತಾಲಕ್ಷ್ಮಿ ಒಂದು ದಿನ, ಬೆಂಡೆಕಾಯಿಯ ತುದಿ ಮುರಿಯುತ್ತಾ, "ನಮ್ಮನೆಯವರು ಅಲ್ಲಿ ಸ್ಟೇಡಿಯಂ ಕಟ್ತಿದಾರೆ" ಅಂದುಬಿಟ್ಟಳು. ಆ ಮಾತು ರಸ್ತೆಯ ಕೊನೆ ಮುಟ್ಟುವ ಹೊತ್ತಿಗೆ ಬದರಿನಾಥ ಎಂಜಿನಿಯರ್ ಆಗಿದ್ದ. ಅವನು ಊರಿಗೆ ಬಂದಿಳಿಯುವ ಹೊತ್ತಿಗೆ ಚೀಫ್ ಎಂಜಿನಿಯರ್. ನಾಲ್ಕು ಜನರ ಮುಂದೆ ಹೆಂಡತಿಯ ಮಾತು ತೆಗೆದುಹಾಕುವ ಗಂಡಸಲ್ಲ ಅವನು. ಸುಮ್ಮನೆ ನಕ್ಕ. ಆ ನಗುವನ್ನೂ ಜನ ದೊಡ್ಡತನ ಎಂದುಕೊಂಡರು.

ನಂಬದವರು ಒಬ್ಬರೇ, ಎದುರು ಮನೆಯ ಜಯಸಿಂಹರಾಯರು. ಅವರು ನಿಜವಾದ ಎಂಜಿನಿಯರ್, ರಿಟೈರ್ಡು. ಒಂದು ಬೆಳಿಗ್ಗೆ ಬದರಿನಾಥನನ್ನು ಕಾಂಪೌಂಡಿನ ಹತ್ತಿರ ಹಿಡಿದು, "ಗ್ಯಾಲರಿಗೆ ಫೌಂಡೇಷನ್ ಎಷ್ಟು ಆಳ ತೆಗೆದ್ರಿ?" ಎಂದು ಕೇಳಿದರು. "ಬೇಕಾದಷ್ಟು ತೆಗೆದ್ರು ಸಾರ್" ಅಂದ ಬದರಿನಾಥ. ರಾಯರಿಗೆ ಅನುಮಾನ ಹುಟ್ಟಿತು. ಸುಮ್ಮನಿರುವ ಪೈಕಿ ಅವರೂ ಅಲ್ಲ.

ಅರವತ್ತಮೂರನೇ ಇಸವಿಯ ದಸರಾ ಹತ್ತಿರ ಬಂದಿತ್ತು. ಸೀತಾಲಕ್ಷ್ಮಿಯ ಬೊಂಬೆ ಹಬ್ಬವೆಂದರೆ ರಸ್ತೆಗೇ ಹಬ್ಬ. ಪ್ರತಿ ವರ್ಷ ಮೆಟ್ಟಿಲುಗಳ ಮೇಲೆ ಬೊಂಬೆ ಕೂರಿಸಿ, ಕೆಳಗೆ ನೆಲದ ಮೇಲೆ ಏನಾದರೂ ಹೊಸದು ಮಾಡುತ್ತಿದ್ದಳು. ಒಂದು ವರ್ಷ ಲಾಲ್‌ಬಾಗು, ಒಂದು ವರ್ಷ ರೈಲ್ವೆ ಸ್ಟೇಷನ್ನು. ರಾಯರು ಗೇಟಿನ ಮೇಲೆ ಕೈಯೂರಿ ಕೇಳಿದರು:

"ಏನಮ್ಮಾ, ಈ ಸಲ ನಿಮ್ಮ ಯಜಮಾನರ ಸ್ಟೇಡಿಯಂ ಮಾಡಬಾರದೇ?"

"ಅದನ್ನೇ ಮಾಡ್ತಿರೋದು" ಅಂದಳು ಸೀತಾಲಕ್ಷ್ಮಿ. ಆ ಕ್ಷಣದವರೆಗೆ ಅವಳ ತಲೆಯಲ್ಲಿ ಇದ್ದದ್ದು ಬರೀ ಮೃಗಾಲಯ.

"ಸಂತೋಷ. ನಮ್ಮ ಸ್ನೇಹಿತರ ಕಾಲೇಜಿನಲ್ಲಿ ಆ ದೇಶದ ಹುಡುಗ ಒಬ್ಬ ಓದ್ತಿದಾನೆ. ಆ ಸ್ಟೇಡಿಯಂನಲ್ಲೇ ಓಡಿದವನಂತೆ. ಅಷ್ಟಮಿ ಸಂಜೆ ಕರ್ಕೊಂಡು ಬರ್ತೀನಿ. ಅವನ ಊರಿನದು ಅವನಿಗೆ ಗುರುತು ಸಿಗುತ್ತೋ ಇಲ್ವೋ ನೋಡೇಬಿಡೋಣ!"

ಸೀತಾಲಕ್ಷ್ಮಿ ಒಳಗೆ ಬಂದು ಹೊಸ್ತಿಲ ಮೇಲೆಯೇ ಕುಳಿತಳು. ತನಗೆ ಅವಮಾನವಾದರೆ ಆಗಲಿ, ಬಾಯಿ ತನ್ನದು. ಆದರೆ ಒಂದೂ ಸುಳ್ಳು ಹೇಳದ ಗಂಡ ಊರವರೆದುರು ಸುಳ್ಳನೆನಿಸಿಕೊಳ್ಳುತ್ತಾನಲ್ಲ!

"ಏನ್ರೀ, ಒಳಗೆ ಹೇಗಿತ್ತು ಅದು?" ಎಂದು ಗಂಡನನ್ನು ಕೇಳಿದಳು.

"ಹೊರಗಿನ ಗೋಡೆ ಹೇಗಿತ್ತು ಅಂತ ಬೇಕಾದ್ರೆ ಹೇಳ್ತೀನಿ" ಅಂದ ಬದರಿನಾಥ. "ಅದನ್ನ ಎರಡು ವರ್ಷ ನೋಡಿದೀನಿ."

ಒಳಗಿನದನ್ನು ಸೀತಾಲಕ್ಷ್ಮಿಯೇ ಕಟ್ಟಬೇಕಾಯಿತು. ದೊಡ್ಡ ಹಿತ್ತಾಳೆ ಹರಿವಾಣದಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿದಳು. ಮೊಳಕೆ ಎದ್ದು ಹಸಿರು ಮೈದಾನವಾಯಿತು. ಸುತ್ತ ರಂಗೋಲಿ ಪುಡಿಯಲ್ಲಿ ಓಟದ ದಾರಿ. ಬೆಂಕಿಪೆಟ್ಟಿಗೆ ಜೋಡಿಸಿ, ಬಿಳಿ ಕಾಗದ ಅಂಟಿಸಿ ಗ್ಯಾಲರಿ. ಬೊಂಬೆ ಮೆಟ್ಟಿಲು ಯಾವತ್ತೂ ಬೆಸ ಸಂಖ್ಯೆಯಲ್ಲೇ ಇರಬೇಕು. ಹಾಗಾಗಿ ಅಕ್ರಾದ ಗ್ಯಾಲರಿಗೂ ಏಳು ಮೆಟ್ಟಿಲು ಬಂದವು. ಮೆಟ್ಟಿಲ ಮೇಲೆ ಚನ್ನಪಟ್ಟಣದ ಮರದ ಬೊಂಬೆಗಳು ಪ್ರೇಕ್ಷಕರು. ಈಗ ಆಟಗಾರರು ಬೇಕು. ಫುಟ್‌ಬಾಲಿಗೆ ಹನ್ನೊಂದು ಜನ ಅಂದ ಬದರಿನಾಥ. ಸೀತಾಲಕ್ಷ್ಮಿ ಪೆಟ್ಟಿಗೆ ತಡಕಿದಳು. ತಂಡ ಅನ್ನುವ ಹಾಗೆ ಒಟ್ಟಿಗಿದ್ದದ್ದು ದಶಾವತಾರದ ಸೆಟ್ಟು ಒಂದೇ. ಅದೂ ಹತ್ತೇ ಜನ.

"ಆಂಜನೇಯ ಇದಾನಲ್ಲ, ಗೋಲಿಗೆ ನಿಲ್ಲಲಿ" ಅಂದಳು. "ಸಮುದ್ರ ಹಾರಿದೋನಿಗೆ ಒಂದು ಚೆಂಡು ಹಿಡಿಯೋದು ಎಷ್ಟರ ಮಾತು?"

ಹೀಗೆ ಮತ್ಸ್ಯ ಕೂರ್ಮಗಳು ಬ್ಯಾಕಿನಲ್ಲಿ ನಿಂತವು, ನರಸಿಂಹ ನಡುವಿನಲ್ಲಿ. ವಾಮನ ಕೊಡೆ ಹಿಡಿದು ಫಾರ್ವರ್ಡು. ಎದುರು ತಂಡಕ್ಕೆ ಪೊಲೀಸಿನವನು, ಶೆಟ್ಟಿ, ಹಾವಾಡಿಗ, ಬ್ಯಾಂಡಿನವರು. ಹಬ್ಬ ಶುರುವಾದ ಮೇಲೆ ರಸ್ತೆಯ ಮಕ್ಕಳೆಲ್ಲ ಬಂದು ಯಾರು ಗೆಲ್ಲುತ್ತಾರೆಂದು ಜಗಳವಾಡಿದರು. ಹಾವಾಡಿಗನ ಕಡೆ ಒಬ್ಬರೂ ಇರಲಿಲ್ಲ.

ಅಷ್ಟಮಿ ಸಂಜೆ ರಾಯರು ಬಂದೇ ಬಂದರು. ಹಿಂದೆ ಎತ್ತರದ, ಸಣಕಲು ಹುಡುಗ. ಹೆಸರು ಕ್ವೆಕು. ಸೂಟು ಹಾಕಿದ್ದ, ಬಾಗಿಲಲ್ಲಿ ಹೇಳದೆಯೇ ಬೂಟು ಬಿಚ್ಚಿದ. ಅವನ ಹಿಂದೆ ರಸ್ತೆಯ ಜನವೆಲ್ಲ ತಮಾಷೆ ನೋಡಲು ಬಂದಿತ್ತು. ಬದರಿನಾಥ ಕಂಬಕ್ಕೆ ಒರಗಿ ನಿಂತ. ಅವನ ಮುಖ ಸುಣ್ಣದ ಗೋಡೆಯ ಹಾಗಾಗಿತ್ತು.

ಸೀತಾಲಕ್ಷ್ಮಿ ಒಂದು ಉಪಾಯ ಮಾಡಿಟ್ಟುಕೊಂಡಿದ್ದಳು. ಬೊಂಬೆ ನೋಡಲು ಬಂದವರು ಹಾಡಬೇಕು, ಆರತಿ ಆಗಬೇಕು, ಕೊನೆಗೆ ಚರ್ಪಿನ ತಿಂಡಿ ತಿನ್ನಬೇಕು. ಇದು ಹಬ್ಬದ ಪದ್ಧತಿ. ಪದ್ಧತಿಯ ಮಧ್ಯೆ ಪ್ರಶ್ನೆ ಕೇಳುವವನು ಎಂಥ ಮನುಷ್ಯ?

ರಾಯರು ಗಂಟಲು ಸರಿಮಾಡಿಕೊಂಡು, "ಈಗ, ಮಿಸ್ಟರ್ ಕ್ವೆಕು..." ಎಂದರು.

"ಮೊದಲು ಆರತಿ ರಾಯರೇ!" ಎಂದು ಸೀತಾಲಕ್ಷ್ಮಿ ತಟ್ಟೆ ಎತ್ತಿದಳು. ಆರತಿಯ ಹಾಡಿಗೆ ಅವತ್ತು ನಾಲ್ಕು ನುಡಿ ಹೆಚ್ಚೇ ಬಂದವು.

"ಈಗ..." ಎಂದರು ರಾಯರು.

"ಈಗ ನೀವೊಂದು ಹಾಡಬೇಕು. ಬರಿಗಂಟಲಲ್ಲಿ ಬೊಂಬೆ ನೋಡಬಾರದು."

ರಾಯರ ಸಂಗೀತ ಅವರ ಮನೆಯವರಿಗೇ ಶತ್ರು. ಆದರೂ ಜನ ಬಿಡಲಿಲ್ಲ. ಅವರು ಹಾಡಿದರು. ಹಾಡು ಮೇಲಿನ ಷಡ್ಜಕ್ಕೆ ಏರಿ ಅಲ್ಲಿಂದ ಇಳಿಯಲು ದಾರಿ ಕಾಣದೆ ಕೆಮ್ಮಿನಲ್ಲಿ ಮುಗಿಯಿತು. ಆಮೇಲೆ ಹುಡುಗನ ಸರದಿ. ಅವನು ನಾಚುತ್ತಾ ತನ್ನ ಊರಿನದೊಂದು ಹಾಡು ಹೇಳಿದ. ಯಾರಿಗೂ ಒಂದು ಪದ ಅರ್ಥವಾಗಲಿಲ್ಲ. ಆದರೆ ಅಮ್ಮನನ್ನು ಬಿಟ್ಟು ಬಂದ ಹುಡುಗನ ದನಿ ಯಾವ ಭಾಷೆಯಲ್ಲಿದ್ದರೇನು? ಸೀತಾಲಕ್ಷ್ಮಿಗೆ ಕರುಳು ಚುರುಕ್ ಎಂದಿತು. ಉಪಾಯವನ್ನೆಲ್ಲ ಮರೆತು ಒಂದು ದೊಡ್ಡ ತಟ್ಟೆ ತುಂಬ ಚಕ್ಕುಲಿ, ಕಡಲೆಕಾಳು ಉಸಲಿ, ಕೊಬ್ಬರಿ ಮಿಠಾಯಿ ತಂದು ಅವನ ಮುಂದಿಟ್ಟಳು. ಹಾಸ್ಟೆಲಿನ ಊಟ ಯಾವ ದೇಶದ ಹೊಟ್ಟೆಗೂ ಸಾಲುವುದಿಲ್ಲ. ಅವನು ತಿನ್ನುವುದನ್ನು ನೋಡುತ್ತಾ ಅವಳು ಮೈಮರೆತಳು. ಅಷ್ಟೇ ಸಾಕಾಯಿತು ರಾಯರಿಗೆ.

"ಇದು ನಿಮ್ಮ ಅಕ್ರಾದ ಸ್ಟೇಡಿಯಮ್ಮೇನಪ್ಪ? ಸರಿಯಾಗಿ ನೋಡಿ ಹೇಳು" ಎಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟರು. ಕನ್ನಡದಲ್ಲೂ ಒಮ್ಮೆ ಹೇಳಿದರು, ಜನಕ್ಕೆಲ್ಲ ತಿಳಿಯಲಿ ಎಂದು.

ಹುಡುಗ ಚಕ್ಕುಲಿ ಕೆಳಗಿಟ್ಟ. ಹರಿವಾಣದ ಮುಂದೆ ಕುಕ್ಕರಗಾಲಲ್ಲಿ ಕುಳಿತು ನೋಡಿದ. ರಾಗಿ ಹುಲ್ಲು ನೋಡಿದ, ಏಳು ಮೆಟ್ಟಿಲು ನೋಡಿದ, ಬಾಲ ಎತ್ತಿ ನಿಂತ ಗೋಲ್‌ಕೀಪರನನ್ನು ಬಹಳ ಹೊತ್ತು ನೋಡಿದ. ಅವನ ಹಣೆಯಲ್ಲಿ ಬೆವರು ಮೂಡಿತು. ಸೀತಾಲಕ್ಷ್ಮಿ ಮನಸ್ಸಿನಲ್ಲೇ ಪಟ್ಟದ ಬೊಂಬೆಗೆ ಹೊಸ ಜರಿ ಸೀರೆ ಹರಕೆ ಹೊತ್ತಳು.

"ಎಕ್ಸಾಕ್ಟ್ಲಿ!" ಎಂದ ಹುಡುಗ, ಕೊಂಚ ಜೋರಾಗಿಯೇ. "ಥೇಟ್ ಇದೇ ಸಾರ್. ನಾನು ಓಡಿದ್ದು ಇಲ್ಲೇ, ಈ ತಿರುವಿನಲ್ಲಿ. ಒಂದು ಮೆಟ್ಟಿಲೂ ಹೆಚ್ಚುಕಡಿಮೆ ಇಲ್ಲ."

ರಾಯರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಜನ ಚಪ್ಪಾಳೆ ತಟ್ಟಿದರು.

ಏನು ನಡೆಯಿತೆಂದು ಸೀತಾಲಕ್ಷ್ಮಿಗೆ ತಿಳಿದದ್ದು ಆಮೇಲೆ. ಹುಡುಗ ಕೈತೊಳೆಯಲು ಹಿತ್ತಲಿಗೆ ಬಂದ. ಅವಳು ನೀರು ಹಾಕುತ್ತಿದ್ದಳು, ಬದರಿನಾಥ ಟವಲು ಹಿಡಿದಿದ್ದ. ಹುಡುಗ ಅತ್ತಿತ್ತ ನೋಡಿ ಪಿಸುಮಾತಿನಲ್ಲಿ ಏನೋ ಇಂಗ್ಲಿಷಿನಲ್ಲಿ ಬೇಡಿಕೊಂಡ. ಬದರಿನಾಥ ಮೊದಲು ಬೆರಗಾದ, ಆಮೇಲೆ ಟವಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕ.

"ಏನಂತ್ರೀ?"

"ಇವನ ಊರು ಉತ್ತರಕ್ಕೆ ಎಲ್ಲೋ ಇದೆಯಂತೆ. ಅಕ್ರಾದಲ್ಲಿ ಒಂದು ರಾತ್ರಿ ಇದ್ದು ವಿಮಾನ ಹತ್ತಿದ್ದಂತೆ. ಹಾಸ್ಟೆಲಿನಲ್ಲಿ ಎಲ್ಲರೂ ಅವರವರ ಊರಿನ ಬಡಾಯಿ ಹೊಡೀತಿದ್ರು, ಇವನೂ ಸ್ಟೇಡಿಯಂನಲ್ಲಿ ಓಡಿದೀನಿ ಅಂದುಬಿಟ್ಟನಂತೆ. 'ನೀವು ಕಟ್ಟಿದವರು ಸಾರ್, ನಾನು ಸುಳ್ಳ ಅಂತ ನಿಮಗೆ ಗೊತ್ತಾಗಿರುತ್ತೆ, ದಯವಿಟ್ಟು ಯಾರಿಗೂ ಹೇಳಬೇಡಿ' ಅಂತಿದಾನೆ."

ಕಳ್ಳನಿಗೆ ಕಳ್ಳನೇ ಸಾಕ್ಷಿ. ಸೀತಾಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ಉಳಿದ ಚಕ್ಕುಲಿಯನ್ನೆಲ್ಲ ಡಬ್ಬಿಯ ಸಮೇತ ಹುಡುಗನಿಗೆ ಕಟ್ಟಿಕೊಟ್ಟಳು.

ಗೆದ್ದೆವೆಂದು ಗಂಡ ಹೆಂಡಿರು ನೆಮ್ಮದಿಯಾಗಿ ನಿದ್ದೆ ಮಾಡಿದರು. ನೆಮ್ಮದಿ ಹಬ್ಬ ಮುಗಿಯುವವರೆಗೆ ಬಾಳಿತು. ಬೊಂಬೆಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಿದ್ದಾಗ ರಾಯರು ಮತ್ತೆ ಬಂದರು. ಜೊತೆಯಲ್ಲಿ ಯಡಿಯೂರಿನ ತಿಮ್ಮರಾಯಪ್ಪ. ಅರ್ಧ ಹೊಲ ಲೇಔಟಿಗೆ ಹೋಗಿ, ಉಳಿದ ಅರ್ಧದಲ್ಲಿ ಇನ್ನೂ ಅವರೆ ಬಿತ್ತುತ್ತಿದ್ದ ಗೌಡರು.

ರಾಯರು ಕೈಮುಗಿದರು. "ಬದರಿನಾಥ್, ನಿಮ್ಮನ್ನ ಅನುಮಾನಿಸಿದೆ. ಕ್ಷಮಿಸಿ. ಅದಕ್ಕೆ ಪ್ರಾಯಶ್ಚಿತ್ತ ಮಾಡೋಕೆ ಬಂದಿದೀನಿ. ನಮ್ಮ ಕಡೆ ಹುಡುಗರಿಗೆ ಆಡೋಕೆ ಒಂದು ಜಾಗ ಇಲ್ಲ. ತಿಮ್ಮರಾಯಪ್ಪನವರು ಹೊಲ ಬಿಟ್ಟುಕೊಡ್ತಾರೆ. ನಾವು ಒಂದು ಸ್ಟೇಡಿಯಂ ಕಟ್ಟೋದು ಅಂತ ಆಗಿದೆ. ಕಟ್ಟಿಸೋರು ನೀವೇ!"

"ಅಂಗೇ ಆಗ್ಬೇಕು ಸೋಮಿ" ಅಂದರು ತಿಮ್ಮರಾಯಪ್ಪ. "ನಮ್ ಹುಡುಗ್ರು ಕಬಡ್ಡಿ ಆಡಾಕೂ ಒಂದ್ ಮೂಲೆ ಮಡಗ್ರಿ."

ಬದರಿನಾಥ ಹೆಂಡತಿಯ ಕಡೆ ನೋಡಿದ. ಬಯ್ಗುಳವಿಲ್ಲದ ನೋಟ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಒಂದು ಹಿಡಿ ಸಾಸಿವೆ ಇಷ್ಟು ಸಿಡಿಯುತ್ತದೆಂದು ಯಾರಿಗೆ ಗೊತ್ತಿತ್ತು? ಮನೆಯ ಮಾತು ಮನೆಯಲ್ಲಿರಬಹುದು, ಆದರೆ ಮಕ್ಕಳು ಕೂರುವ ಗ್ಯಾಲರಿ ಬಿದ್ದರೆ? ಅವಳು ಕೈಲಿದ್ದ ಬೊಂಬೆ ಕೆಳಗಿಟ್ಟು ಎದ್ದು ನಿಂತಳು.

"ರಾಯರೇ, ಕೇಳಿ. ನಮ್ಮನೆಯವರು ಎಂಜಿನಿಯರಲ್ಲ. ಅಲ್ಲಿ ಸ್ಟೋರ್ ಕೀಪರ್ ಆಗಿದ್ರು. ಗೇಟಿನ ಹೊರಗೆ ಶೆಡ್ಡಿನಲ್ಲಿ ಕೂತು ಸಿಮೆಂಟು ಕೊಡ್ತಿದ್ರು. ಎರಡು ವರ್ಷದಲ್ಲಿ ಒಂದು ಮೊಳೆ ಕಳೆದುಹೋಗೋಕೆ ಬಿಟ್ಟೋರಲ್ಲ. ಕಟ್ತಿದಾರೆ ಅಂತ ಊರಿಗೆಲ್ಲ ಹೇಳಿದ್ದು ನಾನು. ಅವರು ಯಾವತ್ತೂ ಹೇಳಿಲ್ಲ."

ರಾಯರು ಅವಳನ್ನೇ ದಿಟ್ಟಿಸಿ ನೋಡಿದರು. ಆಮೇಲೆ ತಿಮ್ಮರಾಯಪ್ಪನವರ ಕಡೆ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು.

"ನೋಡಿದ್ರಾ ಗೌಡ್ರೇ? ತುಂಬಿದ ಕೊಡ ತುಳುಕೋದಿಲ್ಲ ಅಂತಾರೆ. ಆ ದೇಶದವನೇ ಬಂದು ಸಾಕ್ಷಿ ಹೇಳಿ ಹೋದ್ಮೇಲೂ ಎಷ್ಟು ವಿನಯ! ನಾನೂ ಎಂಜಿನಿಯರೇ, ಒಂದು ಮೋರಿ ಕಟ್ಟಿದ್ರೂ ಕಲ್ಲಿನ ಮೇಲೆ ಹೆಸರು ಕೆತ್ತಿಸ್ತಿದ್ದೆ."

"ನಿಜ ಕಣ್ರೀ ರಾಯರೇ, ದೇವರಾಣೆ..."

"ಸಾಕಮ್ಮಾ, ಇನ್ನು ನಾಚಿಸಬೇಡಿ. ನಾಳೆ ಬೆಳಿಗ್ಗೆ ಹೊಲ ಅಳೆಯೋಕೆ ಹೋಗೋಣ. ಲೆಕ್ಕಾಚಾರಕ್ಕೆ ನಿಮ್ಮ ಕೈಕೆಳಗೆ ನಾನಿರ್ತೀನಿ." ಬದರಿನಾಥನ ಎರಡೂ ಕೈ ಹಿಡಿದು ಅಲುಗಿಸಿ ರಾಯರು ಹೊರಟುಹೋದರು. ತಿಮ್ಮರಾಯಪ್ಪ ಹೋಗುವಾಗ ಇನ್ನೊಂದು ನಮಸ್ಕಾರ ಹಾಕಿದರು.

ಸೀತಾಲಕ್ಷ್ಮಿ ಪೆಟ್ಟಿಗೆಯ ಪಕ್ಕದಲ್ಲಿ ಧೊಪ್ಪನೆ ಕುಳಿತಳು. "ನಿಜ ಹೇಳ್ದೆನಲ್ಲ, ನೀವೇ ಕೇಳಿದ್ರಿ."

"ಕೇಳಿದೆ." ಬದರಿನಾಥ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತ. "ಸ್ಟೋರ್ ಕೀಪರ್ ಅಂದಾಗ ನಿನ್ನ ದನಿ ಸಣ್ಣಗಾಗಲಿಲ್ಲ."

"ಯಾಕಾಗ್ಬೇಕು?"

ಬದರಿನಾಥ ಆಂಜನೇಯನನ್ನು ಎತ್ತಿಕೊಂಡು ಹಳೇ ಪಂಚೆಯಲ್ಲಿ ಸುತ್ತತೊಡಗಿದ. ಊರಿಗೆ ಬಂದ ಮೇಲೆ ಗಂಡ ಇಷ್ಟು ಹಗುರಾಗಿ ಕುಳಿತದ್ದನ್ನು ಅವಳು ನೋಡಿರಲಿಲ್ಲ. ಅವಳಿಗೆ ಸಮಾಧಾನವೂ ಆಯಿತು, ಅಳುವೂ ಬಂತು.

"ನಾಳೆ ಏನ್ರೀ ಮಾಡೋದು?" ಎಂದಳು ಕಣ್ಣೊರೆಸಿಕೊಳ್ಳುತ್ತಾ.

"ಲೆಕ್ಕಾಚಾರ ರಾಯರು ಮಾಡ್ತಾರೆ, ಅವರಿಗೆ ಬರುತ್ತೆ. ನಾನು ಮೊದಲು ಗೇಟಿನ ಹೊರಗೆ ಒಂದು ತಗಡಿನ ಶೆಡ್ಡು ಹಾಕಿಸ್ತೀನಿ" ಅಂದ ಬದರಿನಾಥ. "ಆದ್ರೆ ಈ ಸಲ ಆಟ ಶುರುವಾಗೋ ದಿನ ಯಾರು ಏನೇ ಹೇಳಲಿ, ನಾನು ಒಳಗೆ ಹೋಗೋನೇ."