ಭಾವನ ಸರದಿ

ತ್ರಿವೇಣಿ ತೀರಿಕೊಂಡ ಮೇಲೆ ಅವಳ ಫಿಯೆಟ್ ಕಾರು ಶ್ರೀನಿವಾಸಪುರದ ಮನೆಯ ಮುಂದೆ ವರ್ಷಗಟ್ಟಲೆ ನಿಂತಲ್ಲೇ ನಿಂತಿತ್ತು. ಮೇಲಿನ ಮಾವಿನ ಮರದ ಅಂಟು, ಎಲೆ, ಹೂವು ಬಿದ್ದು ಬಿದ್ದು ಬಿಳಿ ಬಣ್ಣ ಬೂದಿಯಾಗಿತ್ತು. ಅವಳ ಗಂಡ ಮುನೇಶ್ ಅದರ ಬಾಗಿಲನ್ನು ಒಮ್ಮೆಯೂ ತೆಗೆದಿರಲಿಲ್ಲ. ಒಂದು ಭಾನುವಾರ ಏನನ್ನಿಸಿತೋ, ಟೆಂಪೋ ಒಂದಕ್ಕೆ ಸರಪಳಿ ಕಟ್ಟಿಸಿ, ಕಾರನ್ನು ಎಳೆಸಿಕೊಂಡು ಮುಳಬಾಗಿಲು ದಾಟಿ ನಂಗಲಿಗೆ ಬಂದ. ಅಲ್ಲಿ ಹೈವೇ ಪಕ್ಕದಲ್ಲಿ ತ್ರಿವೇಣಿಯ ತಮ್ಮ ಕದಿರೇಶನ ಗ್ಯಾರೇಜು.

ಕದಿರೇಶ್ ಲಾರಿಯ ಕೆಳಗಿಂದ ಈಚೆ ಬಂದು ಕಾರಿನ ಮೇಲಿನ ಎಲೆಗಳನ್ನು ಕೈಯಿಂದ ಸವರಿ ತೆಗೆದ.

"ಅವಳು ಹೇಳ್ತಿದ್ಲಲ್ಲೋ, ರೇಸು ರೇಸು ಅಂತ," ಅಂದ ಮುನೇಶ್. "ಮಾಡೋಣ್ವಾ?"

"ಮಾಡೋಣ ಭಾವ."

ತ್ರಿವೇಣಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮುಳಬಾಗಿಲಿನ ಹಳೆಯ ವಕೀಲರೊಬ್ಬರಿಂದ ಆ ಕಾರನ್ನು ಹಟ ಮಾಡಿ ಕೊಂಡಿದ್ದಳು. ಒಮ್ಮೆ ಮೂವರೂ ಚೆನ್ನೈ ಹತ್ತಿರದ ಟ್ರ್ಯಾಕಿಗೆ ಹಳೇ ಕಾರುಗಳ ರೇಸು ನೋಡಲು ಹೋಗಿದ್ದರು. ಆರು ಗಂಟೆಗಳ ಓಟ. ಒಂದು ಕಾರಿಗೆ ಇಬ್ಬರು ಡ್ರೈವರು, ಒಬ್ಬರಾದ ಮೇಲೆ ಒಬ್ಬರು ಸರದಿ ಮೇಲೆ ಓಡಿಸಬೇಕು. ಅವಳು ಬೇಲಿಯ ಕಂಬಿ ಹಿಡಿದು ಬಿಸಿಲಲ್ಲೇ ನಿಂತಿದ್ದಳು. "ನಮ್ಮ ಕಾರೂ ಓಡತ್ತೆ ಕಣ್ರೋ. ಗೆಲ್ಲೋದೇನೂ ಬೇಡ. ಕೊನೇವರೆಗೂ ನಿಲ್ಲದೆ ಓಡಿದ್ರೆ ಸಾಕು," ಅಂದಿದ್ದಳು. ಆ ವರ್ಷದ ಮಳೆಗಾಲದಲ್ಲೇ ಡೆಂಗಿ ಜ್ವರ ಬಂತು. ವಾರ ತುಂಬುವುದರೊಳಗೆ ಅವಳಿರಲಿಲ್ಲ.

ವಕ್ಕಲೇರಿಯ ಹಾಲಿನ ಶೀತಲ ಕೇಂದ್ರದಲ್ಲಿ ಮುನೇಶ್ ಸೂಪರ್‌ವೈಸರ್. ಕಾರು ಎಳೆತಂದ ದಿನದಿಂದ ಅವನಿಗೆ ರಜೆ ಅಂದರೆ ನಂಗಲಿ. ಬೆಳಗ್ಗೆ ಬೈಕಿನಲ್ಲಿ ಬಂದು, ಹಳೇ ಪ್ಯಾಂಟು ತೊಟ್ಟು, ಭಾವಮೈದುನನ ಜೊತೆ ಕಾರಿನ ಕೆಳಗೆ ನುಗ್ಗುತ್ತಿದ್ದ. ಹಿಂದಿನ ಸೀಟು, ನೆಲದ ಮ್ಯಾಟು, ಬಾಗಿಲಿನ ಒಳಹಲಗೆ ಎಲ್ಲವನ್ನೂ ಕಿತ್ತು ಕಾರನ್ನು ಹಗುರ ಮಾಡಿದರು. ಮಗುಚಿದರೆ ತಲೆ ಉಳಿಯಲಿ ಅಂತ ಒಳಗೆ ಕಬ್ಬಿಣದ ಪೈಪುಗಳ ಪಂಜರ ಕೂರಿಸಿದರು. ಇಂಜಿನ್ ಬಿಚ್ಚಿ, ತೊಳೆದು, ಪಿಸ್ಟನ್ ಬದಲಾಯಿಸಿ ಮತ್ತೆ ಜೋಡಿಸಿದರು. ಡ್ರೈವರ್ ಸೀಟು ಮಾತ್ರ ಜರುಗಲಿಲ್ಲ. ಕುಳ್ಳಗಿದ್ದ ತ್ರಿವೇಣಿ ಅದನ್ನು ಪೂರ್ತಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಸೀಟಿನ ಕಂಬಿ ಅಲ್ಲೇ ತುಕ್ಕು ಹಿಡಿದು ಕೂತಿತ್ತು.

"ಕಟ್ ಮಾಡ್ಬೇಕು ಭಾವ."

"ಎಣ್ಣೆ ಬಿಟ್ಟು ನೋಡು."

"ಬಿಟ್ಟು ನೋಡಾಯ್ತು."

ಮುನೇಶ್ ಎದ್ದು ರಸ್ತೆಯ ಕಡೆ ಹೋದ. ಗ್ಯಾಸ್ ಕಟರ್ ಸದ್ದು ನಿಲ್ಲುವವರೆಗೂ ತಿರುಗಿ ಬರಲಿಲ್ಲ.

ಮಧ್ಯಾಹ್ನ ಗ್ಯಾರೇಜಿನ ಹಿಂದಿನ ಮನೆಯಿಂದ ಕದಿರೇಶನ ತಾಯಿ ಅಂಜಮ್ಮ ಅಳಿಯನನ್ನು ಕೂಗುತ್ತಿದ್ದಳು. "ಬಾ ನಾಯ್ನಾ, ಮುದ್ದೆ ಆರೋಗ್ತದೆ." ಅಳಿಯನ ತಟ್ಟೆಗೆ ಒಂದು ಸೌಟು ಸಾರು ಹೆಚ್ಚಿಗೇ ಬೀಳುತ್ತಿತ್ತು. ಅವಳ ಮುಂದೆ ಇಬ್ಬರೂ ತ್ರಿವೇಣಿಯ ಹೆಸರೆತ್ತುತ್ತಿರಲಿಲ್ಲ. ಕಾರಿನ ಕೆಳಗೆ ಮಲಗಿದಾಗ ಮಾತ್ರ ಬಾಯಿ ಬಿಡುತ್ತಿದ್ದರು. ಅಕ್ಕ ಸೈಕಲ್ ಕಲಿಯುವಾಗ ಕೆರೆ ಏರಿಯಿಂದ ಉರುಳಿದ್ದನ್ನು ಕದಿರೇಶ್ ಹೇಳಿದರೆ, ನಿದ್ದೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದುದನ್ನು ಮುನೇಶ್ ಹೇಳುತ್ತಿದ್ದ. ಒಬ್ಬನಿಗೆ ಗೊತ್ತಿಲ್ಲದ ತ್ರಿವೇಣಿ ಇನ್ನೊಬ್ಬನ ಹತ್ತಿರ ಇದ್ದಳು. ಕದಿರೇಶನಿಗೆ ವಾರವೆಲ್ಲ ಅದರದ್ದೇ ದಾರಿ ಕಾಯುವ ಹಾಗಾಯಿತು. ಕೆಲಸ ಬೇಗ ಮುಗಿಯುವುದು ಅವನಿಗೆ ಬೇಕಿರಲಿಲ್ಲ. ಆದರೂ ಮುಗಿಯಿತು. ಮಾಲೂರಿನ ಹತ್ತಿರ ಯಾರೂ ಮನೆ ಕಟ್ಟದ ಲೇಔಟಿನ ಖಾಲಿ ರಸ್ತೆಗಳಲ್ಲಿ ಇಬ್ಬರೂ ಓಡಿಸಿ ನೋಡಿದರು. ತರಬೇತಿಗೆ ಹೋಗಿ ರೇಸಿನ ಲೈಸೆನ್ಸನ್ನೂ ಮಾಡಿಸಿಕೊಂಡರು.

ರೇಸಿನ ಹಿಂದಿನ ದಿನ ಗೆಳೆಯ ಅಮರನಾಥ್ ತನ್ನ ಲಾರಿಗೆ ಕಾರು ಹತ್ತಿಸಿಕೊಂಡು ಹೊರಟ. ರಾಣಿಪೇಟೆ ದಾಟಿ ಟೀ ಕುಡಿಯಲು ನಿಂತರು. ಅಮರನಾಥ್ ಹಗ್ಗ ಬಿಗಿ ಮಾಡಲು ಹೋದಾಗ ಮುನೇಶ್ ಲೋಟ ಕೆಳಗಿಟ್ಟ.

"ಕದಿರೇಶ, ಒಂದು ಮಾತು ಹೇಳ್ಬೇಕು ಕಣೋ. ಈಗ ಹೇಳ್ಲೋ ರೇಸ್ ಆದ್ಮೇಲೆ ಹೇಳ್ಲೋ ಅಂತ ಒದ್ದಾಡ್ತಿದೀನಿ. ಮುಂದಿನ ತಿಂಗಳು ಮದುವೆ ಇಟ್ಕೊಂಡಿದೀವಿ. ಮಾಲೂರಿನವಳು. ವಾಣಿಶ್ರೀ ಅಂತ."

ಕದಿರೇಶನಿಗೆ ಕೇಳಲು ತೋಚಿದ್ದು ಒಂದೇ. "ಅಮ್ಮಂಗೆ ಗೊತ್ತಾ?"

"ಅತ್ತೆನೇ ಬಲವಂತ ಮಾಡಿದ್ದು. ಅವರೇ ಹೋಗಿ ಹುಡುಗೀನ ನೋಡ್ಕೊಂಡು ಬಂದ್ರು. ನಿಂಗೆ ಹೇಳೋಕೆ ಮಾತ್ರ ಇಬ್ರಿಗೂ ಧೈರ್ಯ ಬರ್ಲಿಲ್ಲ."

"ಒಳ್ಳೇದಾಯ್ತು ಭಾವ," ಅಂದ ಕದಿರೇಶ್. ಅಂದಿದ್ದು ಸುಳ್ಳಲ್ಲ. ಭಾವನಿಗೆ ಇನ್ನೂ ನಲವತ್ತಾಗಿಲ್ಲ, ಒಬ್ಬನೇ ಎಷ್ಟು ದಿನ ಬೇಯಿಸಿಕೊಂಡು ತಿಂದಾನು? ಆದರೆ ಲಾರಿ ಹತ್ತಿ ಕೂತ ಮೇಲೆ, ಇನ್ನು ಭಾವ ರಜೆಯ ದಿನ ನಂಗಲಿಗೆ ಬರುವುದಿಲ್ಲ ಅನ್ನಿಸಿತು. ಅಕ್ಕ ಸತ್ತ ದಿನ ಅವನು ಓಡಾಡಿ ಎಲ್ಲರನ್ನೂ ಸಂಭಾಳಿಸಿದ್ದ. ಅಂದು ಬಾರದ ಅಳು ಈಗ ಬಂತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ.

ರೇಸು ಚೆನ್ನಾಗಿಯೇ ಶುರುವಾಯಿತು. ಮೊದಲ ಸರದಿ ಕದಿರೇಶನದು. ದೊಡ್ಡ ಇಂಜಿನ್ನಿನ ಕಾರುಗಳು ಎರಡೂ ಕಡೆಯಿಂದ ದಾಟಿ ಹೋದವು. ಪುಟ್ಟ ಫಿಯೆಟ್ ತನ್ನ ಪಾಡಿಗೆ ತಿರುವು ತಿರುವಿಗೂ ಒಂದೇ ಲಯದಲ್ಲಿ ಓಡಿತು. ಎರಡನೇ ಸರದಿಯಲ್ಲಿ ಮುನೇಶ್ ಓಡಿಸುವಾಗ ಮುಂದಿನ ಕಾರಿನ ಚಕ್ರದಿಂದ ಹಾರಿದ ಕಲ್ಲು ರೇಡಿಯೇಟರಿಗೆ ಬಡಿಯಿತು. ಸರದಿ ಬದಲಿಸಲು ಟ್ರ್ಯಾಕ್ ಬಿಟ್ಟು ಒಳಗೆ ಬಂದಾಗ ಕದಿರೇಶ್ ಸೀಳಿಗೆ ಅಂಟು ಮೆತ್ತಿದ. ಪೂರ್ತಿ ನಿಲ್ಲಲಿಲ್ಲ, ಹನಿ ಹನಿ ಸೋರುತ್ತಿತ್ತು.

"ಪರವಾಗಿಲ್ಲ. ನಿನ್ನ ಸರದಿ ಮುಗಿಸ್ಕೊಂಡು ಬಾ, ನೀರು ತುಂಬ್ಕೊಂಡು ಕೊನೇದು ನಾನು ಓಡಿಸ್ತೀನಿ," ಅಂದ ಮುನೇಶ್. "ಗೋಡೆ ಹತ್ರ ನಾನು ಬೋರ್ಡ್ ತೋರಿಸಿದ ತಕ್ಷಣ ಒಳಗೆ ಬಂದ್ಬಿಡು. ತಡ ಮಾಡ್ಬೇಡ."

ಮೂರನೇ ಸರದಿ. ಬಿಸಿಲು ಇಳಿಯುತ್ತಿತ್ತು. ಕಾರಿನ ಬಿಸಿಯೂ ಸದ್ದೂ ಕದಿರೇಶನ ಮೈಯೊಳಗೇ ಇಳಿದಿದ್ದವು. ಎಷ್ಟೋ ಕಾರುಗಳು ಕೆಟ್ಟು ನಿಂತಿದ್ದವು, ಇವರದು ಓಡುತ್ತಲೇ ಇತ್ತು. ಟ್ರ್ಯಾಕಿನ ನೇರ ಹಾದಿಯ ಪಕ್ಕದ ಗೋಡೆಯ ಹತ್ತಿರ ಮುನೇಶ್ ಬೋರ್ಡ್ ಎತ್ತಿ ಹಿಡಿದ. ಒಳಗೆ ಬಾ.

ಕದಿರೇಶ್ ನೋಡಿದ. ಹಾದು ಹೋದ.

ಇನ್ನೊಂದು ಸುತ್ತು, ಅಂದುಕೊಂಡ. ಅದೊಂದು ಮುಗಿದ ಮೇಲೆ ಮತ್ತೊಂದು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರುತ್ತಿರುವುದು ಕಣ್ಣಿಗೆ ಬೀಳುತ್ತಲೇ ಇತ್ತು. ಬೇರೆ ಯಾರಾದರೂ ಹೀಗೆ ಓಡಿಸಿದ್ದರೆ ಕಪಾಳಕ್ಕೆ ಹೊಡೆಯುತ್ತಿದ್ದ. ಆದರೆ ಒಳಗೆ ಹೋದರೆ ಸೀಟಿನಿಂದ ಇಳಿಯಬೇಕು, ಭಾವ ಹತ್ತಬೇಕು, ರೇಸು ಮುಗಿದ ಬಾವುಟ ಬೀಳಬೇಕು. ಆಮೇಲೆ ಏನೂ ಉಳಿಯುವುದಿಲ್ಲ. ಮುಂದಿನ ಸುತ್ತಿಗೆ ಮುನೇಶ್ ಬೋರ್ಡನ್ನು ಕೆಳಗೆ ಹಾಕಿ, ಎರಡೂ ಕೈ ಬೀಸುತ್ತ ಕೂಗುತ್ತಿದ್ದ. ಪಕ್ಕದಲ್ಲಿ ಅಮರನಾಥ್ ನೀರಿನ ಕ್ಯಾನು ಹಿಡಿದು ನಿಂತಿದ್ದ.

ಟ್ರ್ಯಾಕಿನ ಆಚೆ ಬದಿಯಲ್ಲಿ ಇಂಜಿನ್ ಒಮ್ಮೆ ಕಿರುಚಿ, ಕಚ್ಚಿಕೊಂಡು ನಿಂತುಹೋಯಿತು. ಹಬೆ ಗಾಜಿನ ತುಂಬ ಬಡಿಯಿತು. ಕಾರು ಹುಲ್ಲಿನ ಮೇಲೆ ಜಾರಿಕೊಂಡು ಹೋಗಿ ನಿಂತಿತು.

ಕಾರನ್ನು ಎಳೆದು ತಂದ ಮೇಲೆ ಮುನೇಶ್ ಬಾನೆಟ್ ಎತ್ತಲಿಲ್ಲ. ಎತ್ತಿ ನೋಡುವಂಥದ್ದು ಏನೂ ಇರಲಿಲ್ಲ.

"ಬೋರ್ಡ್ ಕಾಣಿಸ್ಲಿಲ್ವಾ?"

"ಕಾಣಿಸ್ತು."

"ಮತ್ತೆ ಯಾಕೋ ಬರ್ಲಿಲ್ಲ?"

ಕದಿರೇಶ್ ಹೆಲ್ಮೆಟ್ ತೆಗೆಯದೆ ಟೈರಿನ ಮೇಲೆ ಕೂತಿದ್ದ. "ಗೊತ್ತಿಲ್ಲ ಭಾವ," ಅಂದ. ಹೆಲ್ಮೆಟ್ಟಿನೊಳಗಿಂದ ದನಿ ಸರಿಯಾಗಿ ಬರಲಿಲ್ಲ. ಮುನೇಶ್ ಬೈಯಲು ಬಾಯಿ ತೆರೆದವನು ಅವನ ಭುಜ ನಡುಗುತ್ತಿರುವುದನ್ನು ನೋಡಿದ. ಬಂದು ಪಕ್ಕದಲ್ಲಿ ಕೂತ. ಓಟದ ಹೊತ್ತು ಮುಗಿದು ಉಳಿದ ಕಾರುಗಳು ಬಾವುಟ ದಾಟಿದವು, ಜನ ಚಪ್ಪಾಳೆ ತಟ್ಟಿದರು. ಇಬ್ಬರೂ ಏಳಲಿಲ್ಲ.

"ಅವಳಿದ್ದಿದ್ರೆ ನಿಂಗೆ ಸರಿಯಾಗಿ ಬಾರಿಸ್ತಿದ್ಲು," ಅಂದ ಮುನೇಶ್. ಅವನೂ ಅಳುತ್ತಿದ್ದ.

ಮದುವೆಗೆ ಅಂಜಮ್ಮ ರೇಷ್ಮೆ ಸೀರೆ ತೆಗೆದುಕೊಂಡು ಹೋದಳು. ಕದಿರೇಶ್ ಲಾರಿಯೊಂದರ ಗೇರ್‌ಬಾಕ್ಸ್ ಬಿಚ್ಚಿದೀನಿ ಅಂತ ಹೇಳಿ ಉಳಿದುಕೊಂಡ. ಮುನೇಶ್ ಮಾಲೂರಿಗೆ ಮನೆ ಬದಲಾಯಿಸಿದ. ಮೊದಮೊದಲು ಫೋನು ಬರುತ್ತಿತ್ತು. ಇಂಜಿನ್ ಏನಾಯ್ತು, ಮುಂದಿನ ವರ್ಷ ನೋಡೋಣ್ವಾ, ಅಂತ. ಸಾಮಾನು ಸಿಕ್ತಿಲ್ಲ ಅನ್ನುತ್ತಿದ್ದ ಕದಿರೇಶ್. ಆಮೇಲೆ ಆ ಮಾತೂ ನಿಂತಿತು.

ಯುಗಾದಿಯ ಮುಂಚೆ ಮುನೇಶ್ ಹೆಂಡತಿಯನ್ನು ಕರೆದುಕೊಂಡು ಬಂದ. ವಾಣಿಶ್ರೀ ಸಂಕೋಚದ ಹೆಣ್ಣು. ಅಂಜಮ್ಮನ ಕಾಲಿಗೆ ನಮಸ್ಕಾರ ಮಾಡಿ, ಬಾಗಿಲಲ್ಲಿ ನಿಂತಿದ್ದ ಕದಿರೇಶನಿಗೆ "ಚೆನ್ನಾಗಿದೀರಾ ಅಣ್ಣ?" ಅಂದಳು. ಅಂಜಮ್ಮ ಅವಳನ್ನು ಮಣೆಯ ಮೇಲೆ ಕೂರಿಸಿ, ಮಗಳಿಗೆ ಹಾಕುವಂತೆ ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ಎಲ್ಲ ಇಟ್ಟು ಮಡಿಲು ತುಂಬಿದಳು. ಕದಿರೇಶನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಗ್ಯಾರೇಜಿಗೆ ಬಂದು ಬಿಚ್ಚುವ ಅಗತ್ಯವಿಲ್ಲದ ಚಕ್ರವೊಂದನ್ನು ಬಿಚ್ಚತೊಡಗಿದ.

ಹೊರಡುವಾಗ ಮುನೇಶ್ ಒಳಗೆ ಬಂದ. ಮೂಲೆಯಲ್ಲಿ ಟಾರ್ಪಾಲು ಹೊದಿಸಿದ್ದ ಫಿಯೆಟ್ಟಿನ ಕಡೆ ನೋಡಿದ.

"ಬರ್ತೀನಿ ಕದಿರೇಶ."

"ಆಯ್ತು ಸಾರ್," ಅಂದುಬಿಟ್ಟ ಕದಿರೇಶ್, ಗಿರಾಕಿಗಳಿಗೆ ಹೇಳುವ ಹಾಗೆ.

ಬೇಕೆಂದು ಅಂದದ್ದಲ್ಲ. ಸರಿ ಮಾಡಲು ಬಾಯಿ ತೆರೆದ, ಆದರೆ ಭಾವ ಅನ್ನುವ ಪದ ಹೊರಡಲಿಲ್ಲ. ಮುನೇಶ್ ತಲೆಯಾಡಿಸಿ ಹೊರಗೆ ಹೋದ. ಬೈಕು ಸ್ಟಾರ್ಟ್ ಆದ ಸದ್ದು ಕೇಳಿತು. ಆಂಧ್ರದ ಕಡೆಯಿಂದ ಬರುತ್ತಿದ್ದ ಲಾರಿಗಳ ನಡುವೆ ಅದು ಮುಳಬಾಗಿಲಿನ ದಾರಿ ಹಿಡಿಯಿತು. ಅಂಜಮ್ಮ ರಸ್ತೆಯ ಅಂಚಿನಲ್ಲಿ ಅದು ಮರೆಯಾಗುವವರೆಗೂ ನಿಂತಿದ್ದಳು. ಆಮೇಲೆ ಗ್ಯಾರೇಜಿನೊಳಗೆ ಬಂದು, ಕೆಳಗೆ ಕುಕ್ಕರಿಸಿದ್ದ ಮಗನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.